ಕಾರು ಮನೆಯ ವೈಫೈಗೆ ಸೇರಲಿಲ್ಲ

ನಮ್ಮ ಮನೆಯಲ್ಲಿ ವೈಫೈ ಸಿಗದವರಿಲ್ಲ. ಟಿವಿಗೆ ಸಿಗುತ್ತದೆ, ಬಟ್ಟೆ ಒಗೆಯುವ ಯಂತ್ರಕ್ಕೆ ಸಿಗುತ್ತದೆ, ಪಕ್ಕದ ಮನೆಯ ದರ್ಜಿಗೂ ಸಿಗುತ್ತಿದೆ ಎಂದು ನನಗೆ ಗುಮಾನಿ. ಸಿಗದೆ ಇದ್ದದ್ದು ಕಾರಿಗೆ ಮಾತ್ರ. ಪಾಸ್‌ವರ್ಡ್ ಹಾಕಿದರೆ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತದೆ, ಸುತ್ತಿ ಸುತ್ತಿ ನಿಲ್ಲುತ್ತದೆ, ಆಮೇಲೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಬರಹ ಬರುತ್ತದೆ. ಯಾಕೆ ಎಂದು ಹೇಳುವ ಸೌಜನ್ಯ ಅದಕ್ಕಿಲ್ಲ.

ಕಾರು ಕರೆಂಟಿನದು, ಬೂದು ಬಣ್ಣದ್ದು, ಅತ್ತೆಯದು. ಮನೆಯೂ ಅತ್ತೆಯದೇ. ನಾನು ಅವರ ಮಗಳನ್ನು ಮದುವೆಯಾಗಿ ಇಲ್ಲಿಗೆ ಬಂದು ಸೇರಿದವನು. ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ, ಹಾಗಾಗಿ ಅತ್ತೆ ನನ್ನನ್ನು ‘ಕನ್ನಡಕ’ ಎಂದೇ ಕರೆಯುತ್ತಾರೆ. ಮನೆ ಅಳಿಯ ಎಂದು ನನ್ನೆದುರಿಗೆ ಯಾರೂ ಅನ್ನುವುದಿಲ್ಲ. ಬೆನ್ನ ಹಿಂದೆ ಎಲ್ಲರೂ ಅನ್ನುತ್ತಾರೆ. ಅನ್ನಲಿ, ನನ್ನ ಗಂಟೇನೂ ಹೋಗುವುದಿಲ್ಲ.

ಕಾರನ್ನು ವೈಫೈಗೆ ಸೇರಿಸುವ ಕೆಲಸ ನನ್ನ ತಲೆಗೆ ಕಟ್ಟಿದವಳು ಹೆಂಡತಿ. ಕಾರಿನ ಕಂಪನಿಯವರು ಹೊಸ ಅಪ್‌ಡೇಟ್ ಬಿಟ್ಟಿದ್ದರು. ಅದನ್ನು ಹಾಕಿಕೊಂಡರೆ ಕಾರು ಯಾವ ಹೊತ್ತಿಗೆ ಎಲ್ಲಿದೆ, ಯಾವ ರಸ್ತೆಯಲ್ಲಿ ಹೋಯಿತು ಎಂಬುದೆಲ್ಲ ಮನೆಯವರ ಮೊಬೈಲಿನಲ್ಲಿ ಕಾಣಿಸುತ್ತದಂತೆ.

“ರೀ, ಅಮ್ಮನಿಗೆ ಏನೂ ಹೇಳ್ಬೇಡಿ. ಬ್ರೇಕ್ ಚೆನ್ನಾಗಾಗುತ್ತೆ ಅಂತ ಹೇಳಿ ಸಾಕು” ಅಂದಿದ್ದಳು.

ಅವಳ ಚಿಂತೆ ಸುಳ್ಳಲ್ಲ. ಅತ್ತೆ ಬೆಳಿಗ್ಗೆ ಬ್ಯಾಂಕಿಗೆ ಎಂದು ಹೊರಡುತ್ತಿದ್ದರು, ಬ್ಯಾಂಕಿಗೆ ಹೋಗಿಬರಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಚಾರ್ಜ್ ಕಳೆದುಕೊಂಡು ಬರುತ್ತಿದ್ದರು. ಇದೆಲ್ಲ ಶುರುವಾಗುವ ಮೊದಲು ಒಂದು ದಿನವಂತೂ ಊಟದ ಹೊತ್ತು ಮೀರಿದರೂ ಪತ್ತೆಯಿರಲಿಲ್ಲ. ಬಂದಮೇಲೆ, ಸೇತುವೆ ಹತ್ತಿರ ರಸ್ತೆ ಅಗೆದಿದ್ದಾರೆ, ಸುತ್ತಿಕೊಂಡು ಬಂದೆ ಅಂದರು. ಹೆಂಡತಿ ಮಾರನೆಯ ದಿನ ಕೆಲಸಕ್ಕೆ ಆ ದಾರಿಯಲ್ಲೇ ಹೋಗಿ ನೋಡಿದಳು. ರಸ್ತೆ ನುಣ್ಣಗಿತ್ತು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಸಂಶಯ ಬಂದರೆ ಪರೀಕ್ಷೆ ಮಾಡದೆ ಬಿಡುವ ಜಾಯಮಾನದವಳಲ್ಲ. ಅಪ್‌ಡೇಟ್ ಆಗಿ ಕಾರಿನ ಓಡಾಟ ಕಣ್ಣಿಗೆ ಬಿದ್ದರೆ, ಅದರಲ್ಲಿ ಏನಾದರೂ ಎಡವಟ್ಟು ಕಂಡರೆ, ಕೀಲಿ ಅತ್ತೆಯ ಕೈಯಲ್ಲಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಗೆ ಆ ಕಾರು ಬಿಟ್ಟರೆ ಹೊರಗಿನ ಲೋಕವಿಲ್ಲ. ಮಂಡಿ ನೋವಿಗೆ ಬಸ್ಸು ಹತ್ತಲಾರರು, ಯಾರನ್ನೂ ಕರೆದುಕೊಂಡು ಹೋಗಿ ಎಂದು ಕೇಳಲಾರರು.

ಅವತ್ತು ಹೆಂಡತಿಗೆ ಬೆಳಗಿನ ಪಾಳಿ. ನನಗೆ ಅಂಗಡಿ ರಜೆ. ತಿಂಡಿ ಮುಗಿಸಿ ಶೆಡ್ಡಿಗೆ ಹೋಗಿ ಕಾರಿನಲ್ಲಿ ಕೂತೆ. ರೂಟರ್ ಆರಿಸಿ ಹಾಕಿದೆ. ಸ್ಟಿಯರಿಂಗ್ ಮೇಲಿನ ಎರಡೂ ಗುಂಡಿ ಒತ್ತಿ ಹಿಡಿದು ಕಾರಿನ ಪರದೆಯನ್ನೇ ಒಮ್ಮೆ ಮಲಗಿಸಿ ಎಬ್ಬಿಸಿದೆ. ದೂರ ಹೆಚ್ಚಾಯಿತೇನೋ ಎಂದು ರೂಟರನ್ನು ಉದ್ದನೆ ತಂತಿಯ ಸಮೇತ ತಂದು ಕಿಟಕಿಯ ಮೇಲಿಟ್ಟೆ. ಚಕ್ರ ಸುತ್ತಿತು, ನಿಂತಿತು. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿದರೆ ಮಾತ್ರ ಹೇಳದೆ ಕೇಳದೆ ಸೇರಿಕೊಂಡಿತು. ಆದರೆ ಶೆಡ್ಡಿನಲ್ಲಿ ಮೊಬೈಲಿಗೆ ಸಿಗ್ನಲ್ ಅಷ್ಟಕ್ಕಷ್ಟೇ, ಅಪ್‌ಡೇಟ್ ಸ್ವಲ್ಪ ಇಳಿಯುವುದು, ನಿಲ್ಲುವುದು, ಮತ್ತೆ ಮೊದಲಿನಿಂದ ಶುರುವಾಗುವುದು. ನನಗೆ ತಲೆ ಚಿಟ್ಟು ಹಿಡಿಯಿತು.

ಅತ್ತೆ ಜಗುಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಆಗಾಗ ಪೇಪರಿನ ಅಂಚಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು.

“ಏನು ಕನ್ನಡಕ, ಸಿಕ್ತಾ?”

“ಇನ್ನೂ ಇಲ್ಲ ಅತ್ತೆ.”

“ಬ್ರೇಕ್ ಚೆನ್ನಾಗೇ ಹಿಡೀತಿದೆಯಲ್ಲ, ಯಾಕಿಷ್ಟು ಒದ್ದಾಡ್ತೀಯ?”

“ಇನ್ನೂ ಚೆನ್ನಾಗಿ ಹಿಡಿಯುತ್ತಂತೆ.”

“ಹೂಂ” ಅಂದು ಅವರು ಪುಟ ತಿರುಗಿಸಿದರು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಹುಡುಗಿ ನಾನು ಆಗಲೇ ಮಾಡಿದ್ದನ್ನೆಲ್ಲ ಮತ್ತೊಂದು ಸಲ ಮಾಡಿಸಿದಳು. ಕೊನೆಗೆ, “ಸರ್, ಹಾಟ್‌ಸ್ಪಾಟ್‌ಗೆ ಸೇರುತ್ತೆ ಅಂದ್ರೆ ಕಾರಲ್ಲಿ ತೊಂದರೆ ಇಲ್ಲ. ನಿಮ್ಮ ರೂಟರೇ ಬೇಡ ಅಂತಿದೆ. ರೂಟರ್ ಸೆಟ್ಟಿಂಗ್ ಯಾರು ನೋಡ್ಕೋತಾರೆ ಮನೇಲಿ?” ಅಂದಳು.

ಆ ಪ್ರಶ್ನೆಯನ್ನು ನಾನೂ ಹೆಂಡತಿಯೂ ಕೇಳಿಕೊಂಡೇ ಇರಲಿಲ್ಲ. ನಮ್ಮ ಮನೆಯ ತಂತಿಯೆಲ್ಲ ಅತ್ತೆಯ ಖಾತೆ. ಅವರು ಕೆಲಸದಲ್ಲಿದ್ದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು, ಆಪರೇಟರಾಗಿ ಸೇರಿ ಸೂಪರ್‌ವೈಸರಾಗಿ ನಿವೃತ್ತರಾದವರು. ರೂಟರ್ ತಂದದ್ದು, ಹಾಕಿದ್ದು, ಅದಕ್ಕೆ ಹೆಸರಿಟ್ಟದ್ದು ಎಲ್ಲ ಅವರೇ. ಅತ್ತೆಗೆ ಗೊತ್ತಾಗಬಾರದು ಎಂದು ಅತ್ತೆಯದೇ ಎಕ್ಸ್‌ಚೇಂಜಿನೊಳಗೆ ಕಳ್ಳಹೆಜ್ಜೆ ಇಡುತ್ತಿದ್ದ ಬುದ್ಧಿವಂತರು ನಾವು.

ಜಗುಲಿಗೆ ಹೋಗಿ, “ಅತ್ತೆ, ಟಿವಿ ಯಾಕೋ ನಿಂತು ನಿಂತು ಬರ್ತಿದೆ. ರೂಟರ್ ಸೆಟ್ಟಿಂಗ್ ಸ್ವಲ್ಪ ನೋಡ್ಲಾ?” ಅಂದೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ಕಿವಿ ಬಿಸಿಯಾಯಿತು.

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಮೊಬೈಲನ್ನು ತೆರೆದು, ರೂಟರಿನ ಆ್ಯಪನ್ನೂ ತಾವೇ ತೆರೆದು ಕೊಟ್ಟರು.

ಮನೆಯ ಪ್ರತಿ ಯಂತ್ರದ ಹೆಸರಿನ ಪಕ್ಕ ಒಂದೊಂದು ಸ್ವಿಚ್ಚಿನ ಚಿತ್ರವಿತ್ತು. ಎಲ್ಲವೂ ಹಸಿರು. ಕಾರಿನದು ಮಾತ್ರ ಆರಿತ್ತು.

“ನೋಡಿದ್ಯಾ?” ಅಂದರು ಅತ್ತೆ.

“ನೋಡಿದೆ.”

“ಟಿವಿ ಸರಿ ಹೋಯ್ತಾ?”

ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತೆ. “ಯಾಕತ್ತೆ?” ಅಂದೆ.

ಅತ್ತೆ ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆ ಅಪ್‌ಡೇಟ್ ಬ್ರೇಕಿನದಲ್ಲ ಎಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಕಂಪನಿಯವರು ಅದರ ವಿವರವನ್ನು ಕಾರಿನ ಒಡೆಯರಿಗೇ ಕಳಿಸುತ್ತಾರಲ್ಲ.

“ನಾನು ಬ್ಯಾಂಕಿಗೆ ಹೋಗ್ತಿಲ್ಲ” ಅಂದರು. “ನಮ್ಮ ಹಳೇ ಎಕ್ಸ್‌ಚೇಂಜ್ ತನಕ ಹೋಗಿ ವಾಪಸ್ ಬರ್ತೀನಿ. ದಿನಾ ಬೇರೆ ಬೇರೆ ದಾರೀಲಿ. ಮ್ಯಾಪ್ ಹಾಕಲ್ಲ, ಯಾರನ್ನೂ ಕೇಳಲ್ಲ. ಅವತ್ತು ಸೇತುವೆ ಇಳಿದ ಮೇಲೆ ಎಡಕ್ಕೋ ಬಲಕ್ಕೋ ಅಂತ ಗೊತ್ತೇ ಆಗ್ಲಿಲ್ಲ ಕಣೋ. ಹುಟ್ಟಿ ಬೆಳೆದ ಊರು. ಗಾಡಿ ಪಕ್ಕಕ್ಕೆ ಹಾಕಿ ಸುಮ್ನೆ ಕೂತಿದ್ದೆ. ಆಮೇಲೆ ತಾನಾಗೇ ಗೊತ್ತಾಯ್ತು. ಅವತ್ತಿಂದ ನನ್ನನ್ನ ನಾನೇ ಪರೀಕ್ಷೆ ಮಾಡ್ಕೋತಿದೀನಿ.”

“ಅವಳಿಗೆ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ಪರೀಕ್ಷೆ ಅವಳ ಕೈಗೆ ಹೋಗುತ್ತೆ. ನಾನು ಒಂದು ತಿರುವು ತಪ್ಪಿದ್ರೆ ಅವಳು ಲ್ಯಾಬಲ್ಲಿ ಕೂತ್ಕೊಂಡು ನನಗಿಂತ ಮೊದಲೇ ನೋಡಿರ್ತಾಳೆ. ನಮ್ಮ ಎಕ್ಸ್‌ಚೇಂಜಲ್ಲಿ ಒಂದು ಪದ್ಧತಿ ಇತ್ತು. ಲೈನು ಕೆಟ್ಟಿದೆ ಅಂತ ಅನುಮಾನ ಬಂದ್ರೆ ಅದನ್ನ ಮುಚ್ಚಿ ಪರೀಕ್ಷೆ ಮಾಡೋದು. ಅಲ್ಲಿ ತನಕ ಒಂದು ಕರೆನೂ ಬಿಡ್ತಿರಲಿಲ್ಲ, ದೊಡ್ಡ ಸಾಹೇಬರು ಹೇಳಿದ್ರೂ ಬಿಡ್ತಿರಲಿಲ್ಲ. ಮುಚ್ಚಿದವರೇ ತೆರೀಬೇಕು. ನಾನು ಮುಚ್ಚಿದೀನಿ, ನಾನೇ ತೆರೀತೀನಿ.”

ಆಪರೇಟರಮ್ಮನ ಮಾತಿಗೆ ಎದುರು ಹೇಳುವುದು ಕಷ್ಟ. ಅವರ ಕಣ್ಣು ಪರೀಕ್ಷೆ ಮಾಡಿದ್ದು ನಾನೇ. ದೂರದ್ದು ಹತ್ತಿರದ್ದು ಎರಡೂ ಸೊಗಸಾಗಿವೆ. ಕೈ ನಡುಗುವುದಿಲ್ಲ. ಇನ್ನೊಂದು ಕಡೆ ನನ್ನ ಹೆಂಡತಿ ಈ ಚಿಂತೆಯಲ್ಲಿ ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನವಾಗಿತ್ತು. ಇಬ್ಬರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೆ.

“ಒಂದು ಕೆಲಸ ಮಾಡು” ಅಂದರು ಅತ್ತೆ. “ಇವತ್ತು ನನ್ನ ಜೊತೆ ಬಾ, ಪಕ್ಕದಲ್ಲಿ ಕೂತು ನೋಡು. ನಾನು ಎಲ್ಲೂ ತಪ್ಪದಿದ್ರೆ ನೀನು ಬಾಯಿಗೆ ಬೀಗ ಹಾಕ್ಕೋ. ತಪ್ಪಿದ್ರೆ ಮೊದಲು ನನಗೆ ಹೇಳು. ಅವಳಿಗಲ್ಲ, ನನಗೆ. ಮುಖ ನೋಡ್ಕೊಂಡು, ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಆಗುತ್ತಾ ನಿನ್ನ ಕೈಲಿ?”

ಆಗುತ್ತೆ ಅಂದೆ. ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದ ಅಳಿಯನನ್ನು ನಾನಿನ್ನೂ ಕಂಡಿರಲಿಲ್ಲ.

ಹೊರಟೆವು. ಅತ್ತೆಯ ಡ್ರೈವಿಂಗಿನಲ್ಲಿ ಬೆರಳು ತೋರಿಸುವಂಥದ್ದೇನೂ ಇರಲಿಲ್ಲ. ಬಣ್ಣದ ಅಂಗಡಿಯ ಹಿಂದಿನ ಓಣಿ ಹಿಡಿದರು, ರೈಲ್ವೆ ಗೇಟಿನ ಹತ್ತಿರ ಲಾರಿಗೆ ದಾರಿ ಬಿಟ್ಟರು, ನನಗೇ ಗೊತ್ತಿಲ್ಲದ ಒಂದು ಅಡ್ಡರಸ್ತೆಯಿಂದ ಸೇತುವೆಗೆ ಹತ್ತಿಸಿದರು. ಇಳಿದ ಮೇಲೆ ಬಲಕ್ಕೆ ತಿರುಗಬೇಕು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಬಲಕ್ಕೇ ತಿರುಗಿದರು. “ಉಸಿರಾಡು” ಅಂದರು.

ಎಕ್ಸ್‌ಚೇಂಜಿದ್ದ ಕಟ್ಟಡದಲ್ಲಿ ಈಗ ಪೀಠೋಪಕರಣದ ಮಳಿಗೆ ಇದೆ. ಎದುರಿಗೆ ಒಂದು ನಿಮಿಷ ನಿಲ್ಲಿಸಿ, ಮೇಲಿನ ಮೂಲೆಯ ಕಿಟಕಿ ತೋರಿಸಿ, “ಅಲ್ಲಿ ಕೂತು ಎಷ್ಟು ಜನರ ಜಗಳ ಕೇಳಿದೀನಿ ಗೊತ್ತಾ?” ಅಂದು ನಕ್ಕರು. ಬರುವಾಗ ಬೇರೆಯೇ ದಾರಿ. ಎಲ್ಲೂ ತಡವರಿಸಲಿಲ್ಲ. ದಾರಿಯುದ್ದಕ್ಕೂ ಮಾತು. ನನ್ನ ಮನಸ್ಸು ಹಗುರವಾಗಿತ್ತು. ಹೆಂಡತಿಗೆ ಏನು ಹೇಳುವುದೆಂದೂ ಯೋಚಿಸಿ ಇಟ್ಟುಕೊಂಡೆ: ಶೆಡ್ಡಿನ ಗೋಡೆ ದಪ್ಪ, ವೈಫೈ ಹಾಯುವುದಿಲ್ಲ.

ನಮ್ಮ ಬೀದಿಗೆ ಬಂದೆವು. ಗೇಟಿನ ಎದುರಿಗೆ ಸರಿಯಾಗಿ ನಿಲ್ಲಿಸಿದರು. ಅತ್ತೆ ಸ್ಟಿಯರಿಂಗ್ ಮೇಲಿನ ಕೈ ತೆಗೆಯಲಿಲ್ಲ. ನನ್ನ ಕಡೆ ತಿರುಗಿ, ಒಳ್ಳೆಯ ಮಾತಿನಲ್ಲೇ ಹೇಳಿದರು.

“ಇಳೀರಿ. ನಿಮ್ಮ ಮನೆ ಬಂತಲ್ಲ. ನನಗೂ ಹೊತ್ತಾಯ್ತು, ಮನೇಲಿ ಮಗಳು ಒಬ್ಬಳೇ ಇದಾಳೆ.”

ನಾನು ನಕ್ಕೆ. ಅಳಿಯನನ್ನು ಗೇಟಿನ ಹೊರಗೇ ಇಳಿಸುವ ತಮಾಷೆ ಅತ್ತೆಯ ಬಾಯಿಗೆ ತಕ್ಕದ್ದೇ. ಅವರು ನಗಲಿಲ್ಲ. ನಾನು ಇಳಿಯುವುದನ್ನೇ ಕಾಯುತ್ತಿದ್ದರು, ದಾರಿಯಲ್ಲಿ ಸಿಕ್ಕ ಯಾರನ್ನೋ ಮನೆ ತನಕ ಬಿಟ್ಟವರ ಹಾಗೆ.

ದರ್ಜಿ ತನ್ನ ಬಾಗಿಲಿನಿಂದ, “ಏನಮ್ಮಾ, ಅಳಿಯಂದಿರ ಜೊತೆ ಸವಾರಿ?” ಅಂದ. ಅತ್ತೆ ಅವನ ಕಡೆ ನೋಡಿದರು, ಗೇಟಿನ ಕಡೆ ನೋಡಿದರು. “ಹೂಂ, ಇವನಿಗೆ ಇವತ್ತು ರಜ” ಅಂದು ಕಾರನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿದರು. ಆರಿಸಿದರು. ಮುಖದಲ್ಲಿ ಗೆಲುವಿತ್ತು.

“ಹೇಳಪ್ಪ ಕನ್ನಡಕ. ಒಂದು ತಿರುವಾದ್ರೂ ತಪ್ಪಿದ್ನಾ?”

“ಇಲ್ಲ ಅತ್ತೆ. ಒಂದೂ ತಪ್ಪಲಿಲ್ಲ.”

ಅದು ನಿಜ. ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರಿಗೆ ತಾವು ಏನು ಹೇಳಿದೆವೆಂದು ಗೊತ್ತೇ ಆಗಿರಲಿಲ್ಲ. ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ಸುಮ್ಮನಿದ್ದುಬಿಡಬೇಕು ಎಂದು ನನಗೆ ತುಂಬಾ ಅನ್ನಿಸಿತು. ಆ ಹೆಂಗಸನ್ನು ನಾನು ಎಷ್ಟು ಇಷ್ಟಪಡುತ್ತೇನೆಂದು ತಿಳಿದದ್ದೂ ಆಗಲೇ.

“ಆದ್ರೆ ಗೇಟ್ ಹತ್ರ ಒಂದು ಮಾತು ಹೇಳಿದ್ರಿ” ಅಂದೆ.

“ಏನಂದೆ?”

“ನನ್ನನ್ನ ಬೇರೆ ಯಾರೋ ಅಂದ್ಕೊಂಡ ಹಾಗಿತ್ತು.”

“ನನ್ನ ಮಾತಲ್ಲೇ ಹೇಳು. ಒಂದು ಅಕ್ಷರ ಬಿಡಬೇಡ.”

ಹೇಳಿದೆ. ಅತ್ತೆ ಅದನ್ನು ಮೆಲ್ಲಗೆ ತಿರುಗಿ ಹೇಳಿದರು, ಹಿಂದೆ ಯಾರೋ ಕೊಟ್ಟ ನಂಬರನ್ನು ತಪ್ಪಿಲ್ಲವೆಂದು ಖಚಿತಮಾಡಿಕೊಳ್ಳಲು ತಿರುಗಿ ಹೇಳುತ್ತಿದ್ದ ಹಾಗೆ. “ಇಳೀರಿ. ನಿಮ್ಮ ಮನೆ ಬಂತಲ್ಲ. ನನಗೂ ಹೊತ್ತಾಯ್ತು, ಮನೇಲಿ ಮಗಳು ಒಬ್ಬಳೇ ಇದಾಳೆ. ಸರಿನಾ?”

“ಸರಿ” ಅಂದೆ. ನನ್ನ ಕಣ್ಣು ತುಂಬಿತ್ತು. ಅವರದು ತುಂಬಲಿಲ್ಲ.

“ನಾನು ದಾರಿ ಒಂದನ್ನೇ ಪರೀಕ್ಷೆ ಮಾಡ್ತಿದ್ದೆ” ಅಂದರು. ಆಮೇಲೆ ಮೊಬೈಲ್ ತೆಗೆದು ಆ ಸ್ವಿಚ್ಚನ್ನು ಒತ್ತಿದರು. ಕಾರಿನ ಪರದೆಯ ಮೇಲೆ ಚಕ್ರ ಸುತ್ತಿತು, ಮನೆಯ ವೈಫೈ ಹೆಸರು ಬಂತು, ಪಕ್ಕದಲ್ಲಿ ಹಸಿರು ಗುರುತು. ಬೆನ್ನಿಗೇ ಇನ್ನೊಂದು ಬರಹ: ಅಪ್‌ಡೇಟ್ ನಡೆಯುವಾಗ ಕಾರನ್ನು ಓಡಿಸಲಾಗದು, ಮುಂದುವರಿಸಬೇಕೇ? ಅತ್ತೆ ಅದನ್ನು ಪೂರ್ತಿ ಓದಿ ‘ಹೌದು’ ಒತ್ತಿದರು.

ಅಷ್ಟರಲ್ಲಿ ಹೆಂಡತಿಯ ಸ್ಕೂಟರ್ ಒಳಗೆ ಬಂತು. ಹೆಲ್ಮೆಟ್ ತೆಗೆಯುವ ಮೊದಲೇ ಅವಳ ಕಣ್ಣು ಪರದೆಯ ಮೇಲೆ ಬಿತ್ತು.

“ಅಯ್ಯೋ, ಸೇರ್ಕೊಂಡ್ತಾ? ಏನಾಗಿತ್ತಂತೆ ಇದಕ್ಕೆ?”

“ಅದಕ್ಕೇನೂ ಆಗಿರಲಿಲ್ಲ” ಅಂದರು ಅತ್ತೆ. “ಬಾ, ಕೂತ್ಕೋ. ನನಗೇನಾಗಿದೆ ಅಂತ ಹೇಳ್ತೀನಿ.”

ನಾನು ಇಳಿದು ಅವಳಿಗೆ ಜಾಗ ಬಿಟ್ಟೆ.