ಬಿಸಿ ತಾಗದ ಆರು ತುಂಡು

ಮೂಡುಬಿದಿರೆಯ ಕಾಲೇಜೊಂದರ ಲ್ಯಾಬಿನಲ್ಲಿ ಪ್ರಾಪ್ತಿ ಏನು ಮಾಡುತ್ತಾಳೆಂದು ಮೆಲ್ಕಾರಿನ ಅವಳ ಮನೆಯವರಿಗೇ ಗೊತ್ತಿಲ್ಲ. ‘ರಿಬ್ಬನ್ ಬಿಸಿ ಮಾಡುವ ಪಿಎಚ್‌ಡಿ’ ಎಂದು ಅಣ್ಣ ತಮಾಷೆ ಮಾಡುತ್ತಾನೆ. ಪೂರ್ತಿ ಸುಳ್ಳೂ ಅಲ್ಲ. ರಿಬ್ಬನ್ನಿನಷ್ಟೇ ತೆಳ್ಳಗಿನ ಸೂಪರ್‌ಕಂಡಕ್ಟರ್ ಟೇಪನ್ನು ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಕರೆಂಟು ತಡೆಯೇ ಇಲ್ಲದೆ ಹರಿಯುತ್ತದೆ. ಮೊದಲೇ ಬಿಸಿ ಹೆಚ್ಚು ತಾಗಿದ್ದರೆ ಒಳಗಿನ ಆಮ್ಲಜನಕ ಹೊರಬಿದ್ದು ಟೇಪು ಸೋಲುತ್ತದೆ. ಎಷ್ಟು ಕರೆಂಟು ತಾಳುತ್ತದೆಂದು ಸುಮ್ಮನೆ ಅಳೆದರೆ ಆ ಸೋಲು ಅಷ್ಟಾಗಿ ಕಾಣದು. ಅಯಸ್ಕಾಂತಗಳ ನಡುವೆ ಇಟ್ಟು ಅಳೆದರೆ ಗುಟ್ಟು ರಟ್ಟು.

ಇದೆಲ್ಲ ಅರ್ಥವಾಗುವ ಮನುಷ್ಯ ಎಂದು ಇದ್ದದ್ದು ಒಬ್ಬರೇ, ಅವಳ ಗೈಡ್, ಪುತ್ತಿಗೆಯ ತಿರುಮಲೇಶ್ವರ ಭಟ್ಟರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಈಗೀಗ ಅವಳು ದಿನವಿಡೀ ಮಾತಾಡುವುದು ಬಸ್ ಕಂಡಕ್ಟರನ ಹತ್ತಿರ ಮಾತ್ರ, ಅದೂ ಊರಿನ ಹೆಸರು ಹೇಳಲಿಕ್ಕೆ. ಒಂಟಿತನಕ್ಕೆಲ್ಲ ತಾನು ಹೆದರುವವಳಲ್ಲ ಎಂದುಕೊಂಡಿದ್ದಳು. ಹೆದರಿದ್ದಳು.

ಸಾಲದ್ದಕ್ಕೆ ಪ್ರಬಂಧವೇ ಮುಳುಗುವ ಹಾಗಿತ್ತು. ಫರ್ನೇಸಿನಲ್ಲಿ ಬಿಸಿ ಮಾಡಿದ ಟೇಪುಗಳ ಜೊತೆ ಹೋಲಿಸಿ ನೋಡಲು ಬಿಸಿ ತಾಗದ ಆರು ತುಂಡುಗಳನ್ನು ಇಟ್ಟುಕೊಂಡಿದ್ದಳು. ಅಯಸ್ಕಾಂತಗಳ ನಡುವೆ ಆರೂ ಒಂದೇ ಅಳತೆ ಕೊಡಬೇಕು. ಕೊಡಲಿಲ್ಲ, ಒಂದಕ್ಕಿಂತ ಒಂದು ಕಡಿಮೆ. ಅಳತೆಗೋಲೇ ಡೊಂಕಾದರೆ ನಾಲ್ಕು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ. ಸಲ್ಲಿಸಲು ಉಳಿದದ್ದು ಒಂಬತ್ತು ದಿನ.

ಎಲ್ಲವನ್ನೂ ಪರೀಕ್ಷಿಸಿದಳು, ಒಂದನ್ನು ಬಿಟ್ಟು. ಆ ಆರು ತುಂಡುಗಳ ಮೇಲೆ ಅಳತೆಯ ತಂತಿ ಸೋಲ್ಡರ್ ಮಾಡಿದವರು ಭಟ್ಟರು. “ಇದು ನನ್ನ ಕೆಲಸ, ನೀನು ಮುಟ್ಟಬೇಡ” ಎಂದು ಬೆನ್ನು ತಿರುಗಿಸಿ ಕೂರುತ್ತಿದ್ದರು. ಗುರುಗಳ ಕೆಲಸದಲ್ಲಿ ತಪ್ಪು ಹುಡುಕುವುದುಂಟೇ? ಅವಳು ಹಾಗೆ ಬೆಳೆದವಳಲ್ಲ. ಅವರ ನೋಟ್‌ಬುಕ್ಕನ್ನೂ ಕಪಾಟಿನಿಂದ ತೆಗೆದಿರಲಿಲ್ಲ.

ಆ ಮಧ್ಯಾಹ್ನ ಅಬ್ದುಲ್ ಸಮದ್ ಬೆಳ್ತಂಗಡಿಯಿಂದ ಸಾರಜನಕದ ಕ್ಯಾನ್ ತಂದರು. ದನಗಳಿಗೆ ಗರ್ಭಧಾರಣೆಯ ಇಂಜೆಕ್ಷನ್ ಕೊಡುವವರು ಅವರು. ಹೋರಿಯ ವೀರ್ಯ ಕೆಡದಂತೆ ಇಡಲಿಕ್ಕೂ ಇದೇ ಸಾರಜನಕ ಬೇಕು.

“ನೀವು ಒಂದೇ ಕೈಯಲ್ಲಿ ಎತ್ತಿದ್ರಿ ಮೇಡಂ” ಎಂದು ನಕ್ಕರು. “ಭಟ್ರಿಗೆ ಎರಡು ಕೈಯೂ ಸಾಲ್ತಿರಲಿಲ್ಲ, ಪಾಪ. ಅಷ್ಟು ನಡುಗ್ತಿತ್ತು.”

“ನಡುಗ್ತಿತ್ತಾ? ಯಾವಾಗ?”

“ಕೊನೆಯ ಒಂದು ವರ್ಷ. ನಿಮಗೆ ಗೊತ್ತಿಲ್ಲವಾ?”

ಗೊತ್ತಿರಲಿಲ್ಲ. ಬೆಳ್ತಂಗಡಿಯ ಸಮದ್ ಅವರಿಗೆ ಗೊತ್ತಿದ್ದದ್ದು ಅದೇ ಮೇಜಿನ ಈಚೆ ಕೂತವಳಿಗೆ ಗೊತ್ತಿರಲಿಲ್ಲ.

ಅವರು ಹೋದ ಮೇಲೆ ಭಟ್ಟರ ನೋಟ್‌ಬುಕ್ ತೆಗೆದಳು. ಆರು ತುಂಡು, ಆರು ಸಾಲು. ಸೋಲ್ಡರ್ ಮಾಡಲು ಹಿಡಿದ ಹೊತ್ತನ್ನೂ ಪುಣ್ಯಾತ್ಮ ಬರೆದಿಟ್ಟಿದ್ದರು: ಐದು ಸೆಕೆಂಡು, ಏಳು, ಹನ್ನೆರಡು, ಹತ್ತೊಂಬತ್ತು, ಇಪ್ಪತ್ತೆಂಟು, ನಲವತ್ತೊಂದು. ನಡುಗುವ ಕೈಯಲ್ಲಿ ತಂತಿ ಜಾಗಕ್ಕೆ ಕೂರುವವರೆಗೂ ಕಾದ ಸೋಲ್ಡರಿಂಗ್ ಐರನ್ ಟೇಪಿನ ಮೇಲೆಯೇ ಇತ್ತು. ಅಕ್ಷರಗಳೂ ಸಾಲಿನಿಂದ ಸಾಲಿಗೆ ಕೆಡುತ್ತ ಬಂದಿದ್ದವು. ಬಿಸಿ ತಾಗದ ತುಂಡು ಅಲ್ಲಿ ಒಂದೂ ಇರಲಿಲ್ಲ.

ಸೆಕೆಂಡುಗಳನ್ನು ಅಡ್ಡಕ್ಕೆ, ಕರೆಂಟನ್ನು ಉದ್ದಕ್ಕೆ ಇಟ್ಟು ಗ್ರಾಫ್ ಬರೆದಳು. ಆರು ಚುಕ್ಕಿಯೂ ಒಂದೇ ಗೆರೆಯಲ್ಲಿ ಇಳಿದವು. ಆ ಗೆರೆಯನ್ನು ಹಿಂದಕ್ಕೆ, ಸೊನ್ನೆ ಸೆಕೆಂಡಿನವರೆಗೆ ಎಳೆದರೆ ಬಿಸಿಯೇ ತಾಗದ ಟೇಪಿನ ಅಳತೆ ಸಿಗುತ್ತದೆ. ಪ್ರಬಂಧ ಉಳಿಯಿತು. ಅವಳಿಗೆ ಅಳು ಬಂತು. ಅದು ಒಬ್ಬ ಮನುಷ್ಯನ ಕಾಯಿಲೆಯ ಗೆರೆ.

ಕೊನೆಯ ಸಾಲಿನ ಪಕ್ಕದಲ್ಲಿ ಮೂರು ಸಲ ತಿದ್ದಿದ ಅಕ್ಷರ: ‘ಪ್ರಾಪ್ತಿಗೆ ಹೇಳಬೇಕು.’

ತಾರೀಕು ನೋಡಿದಳು. ಆ ದಿನ ನೆನಪುಂಟು. “ಸ್ವಲ್ಪ ಕೂತ್ಕೊ ಮಾರಾಯ್ತಿ, ಒಂದು ವಿಷಯ ಉಂಟು” ಎಂದಿದ್ದರು. “ನಾಳೆ ಸರ್, ನಾಲ್ಕು ಹತ್ತರ ಬಸ್ ಹೋಗ್ತದೆ” ಎಂದು ಚೀಲ ಹೆಗಲಿಗೇರಿಸಿದ್ದಳು. ಮರುದಿನ ಅವರು ಬರಲಿಲ್ಲ. ಮತ್ತೆ ಬರಲೇ ಇಲ್ಲ.

ಹೊರಗೆ ಬಸ್ಸಿನ ಹಾರನ್ ಕೇಳಿತು. ಪ್ರಾಪ್ತಿ ಭಟ್ಟರ ಸ್ಟೂಲನ್ನು ಎಳೆದು ತನ್ನ ಎದುರಿಗೆ ಇಟ್ಟಳು.

“ಹೇಳಿ ಸರ್” ಎಂದಳು.

ನಾಲ್ಕು ಹತ್ತರ ಬಸ್ಸು ಹೋಯಿತು.