ತಿಪ್ಪೆಗೊಂದು ಮೂಲೆ

ದೀಪಾವಳಿ ಪಾಡ್ಯದ ಬೆಳಿಗ್ಗೆ ಕರಿಬಸಪ್ಪ ನೀರಿನ ಪೈಪು ಹಿಡಿದು ಮನೆಯ ಮುಂದೆ ನಿಂತಿದ್ದ. ಹಿರೇಕೆರೂರಿನ ಆ ಓಣಿಯಲ್ಲಿ ಅಂಗಳಕ್ಕೆ ಹುಲ್ಲು ಹಾಸಿಸಿದವನು ಅವನೊಬ್ಬನೇ. ಹೊಲದ ಗೋವಿನಜೋಳಕ್ಕೆ ಎರಚಿದ ಹಾಗೆ ಇದಕ್ಕೂ ಹಿಡಿ ಹಿಡಿ ಯೂರಿಯಾ ಎರಚಿದ್ದ. ಹಸಿರು ಇಳಿದಾಗಲೆಲ್ಲ ಮತ್ತೆ ಎರಚಿದ್ದ. ಈಗ ಹುಲ್ಲು ತೇಪೆ ತೇಪೆಯಾಗಿ ಸುಟ್ಟಿತ್ತು. ನೆಲ ಕಲ್ಲಾಗಿ, ಬಿಟ್ಟ ನೀರೆಲ್ಲ ರಸ್ತೆಗೆ ಹರಿಯುತ್ತಿತ್ತು. ಅವನಿಗೆ ಸಾಕಾಗಿ ಹೋಗಿತ್ತು.

ರಸ್ತೆಯಾಚೆ, ಎರಡು ಎಮ್ಮೆ ಕಟ್ಟಿ ಹಾಲು ಮಾರಿ ಬದುಕುವ ಚೌಡವ್ವನ ಮನೆ; ರಸ್ತೆಯಂಚಿಗೇ ಅವಳ ತಿಪ್ಪೆಯಿತ್ತು. ಮನೆಗೆ ಬಂದ ಬೀಗರು ಮೂಗು ಮುಚ್ಚಿಕೊಂಡರೆಂದು ಕರಿಬಸಪ್ಪ ಪಂಚಾಯಿತಿಗೆ ದೂರು ಕೊಟ್ಟಿದ್ದ. ಹಬ್ಬ ಮುಗಿಯುತ್ತಲೇ ತಿಪ್ಪೆ ಎತ್ತಬೇಕೆಂದು ಅಲ್ಲಿಯವರು ಹೇಳಿ ಹೋಗಿದ್ದರು. ಸಗಣಿ ಹಾಕಲು ಚೌಡವ್ವನಿಗೆ ಬೇರೆ ಜಾಗವಿರಲಿಲ್ಲ. ಎಮ್ಮೆಗಳನ್ನೇ ಮಾರಬೇಕಿತ್ತು.

ಹೆಂಡತಿ ಮಹಾದೇವಕ್ಕ ಖಾಲಿ ಬುಟ್ಟಿ ತಂದು ಗಂಡನ ಮುಂದಿಟ್ಟಳು. ಪಾಡ್ಯದ ದಿನ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ, ಹೂ ಮುಡಿಸಿ ಪೂಜಿಸದೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಸಗಣಿ ಬರುತ್ತಿದ್ದದ್ದು ಚೌಡವ್ವನ ಮನೆಯಿಂದ.

“ನೀವ ಹೋಗ್ರಿ. ಆಕಿ ಮುಂದ ನಿಲ್ಲಾಕ ನನಗ ಮಾರಿ ಇಲ್ಲ.”

ಕರಿಬಸಪ್ಪ ಪೈಪು ಬಿಸಾಡಿ, ಗೊಣಗುತ್ತಲೇ ಬುಟ್ಟಿ ಎತ್ತಿಕೊಂಡ.

ಹಾಲು ಹಿಂಡುತ್ತಿದ್ದ ಚೌಡವ್ವ ಬುಟ್ಟಿ ನೋಡಿ ಎದ್ದಳು. ಹಸಿ ಸಗಣಿ ತುಂಬಿ ಕೊಟ್ಟಳು.

“ಹಿಡೀರಿ ಸಾವ್ಕಾರ್ರ. ಇವತ್ತು ದೇವರು, ನಾಳೆ ಹೊಲಸು.”

“ರಸ್ತಿ ಮ್ಯಾಲ ತಿಪ್ಪಿ ಹಾಕಿದ್ರ ಮಂದಿ ಹೆಂಗ ಅಡ್ಡಾಡಬೇಕು, ಚೌಡವ್ವ?”

“ಖರೇ ಐತ್ರಿ, ರಸ್ತಿ ನಂದಲ್ಲ. ನಿಮಗ ಹುಲ್ಲು ಹಾಸಾಕ ಜಾಗ ಐತಿ. ನನಗ ಸಗಣಿ ಹಾಕಾಕ ಎಲ್ಲೈತಿ ಹೇಳ್ರಿ.”

ಕರಿಬಸಪ್ಪ ಬುಟ್ಟಿ ಹೊತ್ತು ಮನೆಗೆ ಬಂದ.

ಪೂಜೆ, ಊಟ ಮುಗಿದ ಮೇಲೆ ಗುದ್ದಲಿ ಹಿಡಿದು ಗೇಟಿನ ಪಕ್ಕದ ಸುಟ್ಟ ಹುಲ್ಲಿನ ಮೂಲೆಯನ್ನು ಅಗೆಯತೊಡಗಿದ. ಗುದ್ದಲಿ ಬಿದ್ದಲ್ಲೆಲ್ಲ ನೆಲ ಟಣ್ಣೆಂದಿತು. ಒಂದು ಎರೆಹುಳುವೂ ಕಾಣಲಿಲ್ಲ. ಅಪ್ಪ ತಿಪ್ಪೆಗೊಬ್ಬರ ಹೊತ್ತು ಹಾಕುತ್ತಿದ್ದ ಹೊಲದಲ್ಲಿ ಒದ್ದರೆ ಮಣ್ಣು ಉದುರುತ್ತಿದ್ದದ್ದು ಅವನಿಗೆ ಮರೆತಿರಲಿಲ್ಲ. ಆ ಗೊಬ್ಬರ ಹೊರಲು ಮಾತ್ರ ತನಗೆ ನಾಚಿಕೆಯಾಗಿತ್ತು.

ಗುಂಡಿ ಯಾಕೆಂದು ಮಹಾದೇವಕ್ಕನಿಗೆ ತಿಳಿಯಿತು.

“ಬೀಗರು ಬಂದ್ರ?”

“ಮೂಗು ಮುಚ್ಕೊಳ್ಳಲಿ.”

ಬೆನ್ನು ಬಿದ್ದುಹೋಗುವಂತಿದ್ದರೂ ಹೊತ್ತು ಮುಳುಗುವ ಮುಂಚೆ ರಸ್ತೆ ದಾಟಿದ. ತಿಪ್ಪೆಯ ತಳದಿಂದ, ಕೊಳೆತು ಕಪ್ಪಾದ ಹಳೆಯ ಗೊಬ್ಬರವನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ತಂದ. ಓಣಿಯವರು ನೋಡುತ್ತಿದ್ದರು. ಗೊಬ್ಬರವನ್ನು ಜರಡಿ ಹಿಡಿದು ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿದ. ಸಗಣಿ ತಂದು ಹಾಕಲು ಗೇಟು ಇನ್ನು ಮೇಲೆ ತೆರೆದೇ ಇರುತ್ತದೆಂದು ಚೌಡವ್ವನಿಗೆ ಕೂಗಿ ಹೇಳಿದ.

ಮರುದಿನ ಬೆಳಿಗ್ಗೆ ಮಹಾದೇವಕ್ಕ ಪೂಜೆಯಾದ ಲಕ್ಕವ್ವನನ್ನು ಚೆಂಡುಹೂವಿನ ಸಮೇತ ಆ ಗುಂಡಿಯೊಳಗೆ ಇಟ್ಟಳು. ಹಿಂದೆಯೇ ಚೌಡವ್ವ ಸಗಣಿ ಬುಟ್ಟಿ ಹೊತ್ತು ಬಂದಳು. ಗೇಟಿನ ಮೆಟ್ಟಿಲ ಮೇಲೆ ಸೋತು ಕುಳಿತಿದ್ದ ಕರಿಬಸಪ್ಪ ಚಾಚಿದ್ದ ಕಾಲನ್ನು ಮಡಚಿ ಅವಳಿಗೆ ದಾರಿ ಬಿಟ್ಟ.