ಹೊರಗಿನ ಚಿಲಕ

ನಾನು ಒಂದು ಚಿಲಕ. ಅಂಗೈಯುದ್ದದ ಕಬ್ಬಿಣದ ಚಿಲಕ. ತಗಡಿನ ಸೂರಿನ ಒಂದು ವರ್ಕ್‌ಶಾಪಿನಲ್ಲಿ ಹುಟ್ಟಿ, ಭದ್ರಾವತಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹನ್ನೊಂದು ಮಂದಿ ಒಡಹುಟ್ಟಿದವರ ಜೊತೆ ರಟ್ಟಿನ ಡಬ್ಬಿಯಲ್ಲಿ ಎರಡು ವರ್ಷ ಮಲಗಿದ್ದೆ. ಒಳಗಿರುವವರು ಹೇಳಿದಂತೆ ಕೇಳುವುದೇ ಚಿಲಕದ ಧರ್ಮ ಎಂದು ನಾವೆಲ್ಲ ನಂಬಿದ್ದೆವು. ಸ್ನಾನ ಮಾಡುವವರು, ಒಬ್ಬರೇ ಕೂತು ಅಳಬೇಕೆನಿಸಿದವರು ನಮ್ಮನ್ನು ಎಳೆದುಕೊಳ್ಳುತ್ತಾರೆ, ಸಾಕಾದಾಗ ತೆಗೆಯುತ್ತಾರೆ. ಅಂಥ ಮರ್ಯಾದೆಯ ಕೆಲಸ ಸಿಕ್ಕರೆ ಸಾಕು ಎಂದುಕೊಂಡಿದ್ದೆ.

ನನ್ನ ಹಣೆಬರಹ ಬೇರೆಯೇ ಇತ್ತು. ನನ್ನನ್ನು ಕೊಂಡವರು ಬಸ್ ಕಂಡಕ್ಟರ್ ಓಂಕಾರಪ್ಪ. ಬಾಗಿಲಿಗೆ ಕೂರಿಸಲು ಬಂದ ಬಡಗಿ ಫಕ್ರುದ್ದೀನ್ ಸಾಬರು ಒಮ್ಮೆ ನನ್ನನ್ನು, ಒಮ್ಮೆ ಕೋಣೆಯನ್ನು ನೋಡಿದರು.

"ಹೊರಗಡೆಗಾ ಸ್ವಾಮಿ? ಮಲಗೋ ಕೋಣೆಗೆ ಒಳಗಡೆ ತಾನೇ ಹಾಕ್ಸೋದು?"

"ಹೊರಗಡೆಗೇ ಹಾಕಿ" ಎಂದರು ಓಂಕಾರಪ್ಪ. ಕಾರಣ ಹೇಳಲಿಲ್ಲ.

ಕಾರಣದ ಹೆಸರು ತನುಜಾ. ಓಂಕಾರಪ್ಪ ಮತ್ತು ಶಶಿಕಲಾ ಅವರ ಒಬ್ಬಳೇ ಮಗಳು, ಏಳು ವರ್ಷ. ಮಾತು ಕಡಿಮೆ. ಆಡಿದರೂ ಬೇರೆಯವರು ಆಡಿದ್ದನ್ನೇ ಅದೇ ರಾಗದಲ್ಲಿ ಒಪ್ಪಿಸುತ್ತಿದ್ದಳು. ಯಾವಾಗ ಸಿಟ್ಟು ಬರುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬಂದರೆ ಕಿರುಚಿ, ತಟ್ಟೆ ಎಸೆದು, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಆಗ ಅವಳನ್ನು ಒಳಗೆ ಬಿಟ್ಟು ನನ್ನನ್ನು ಎಳೆಯುತ್ತಿದ್ದರು. ಅಜ್ಜಿ ಹಾಲಮ್ಮ ಬಾಗಿಲಿಗೆ ಬಾಯಿಟ್ಟು ಕೇಳುತ್ತಿದ್ದರು: "ಸಿಟ್ಟು ಇಳೀತಾ? ಇಳಿದ್ರೆ ತೆಗೀತೀನಿ."

ಹಾಲಮ್ಮ ಕೆಟ್ಟವರಲ್ಲ. ಮೊಮ್ಮಗಳಿಗೆ ದೃಷ್ಟಿಯಾಗಿದೆ ಎಂದು ನಂಬಿ ಪ್ರತಿ ಮಂಗಳವಾರ, ಶುಕ್ರವಾರ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದರು. ಘಾಟು ಬಂದರೆ ದೃಷ್ಟಿಯಿಲ್ಲ ಎನ್ನುವವರೂ ಅವರೇ. ಪ್ರತಿ ಸಲವೂ ಮನೆಮಂದಿಯೆಲ್ಲ ಕೆಮ್ಮುವಷ್ಟು ಘಾಟು ಬರುತ್ತಿತ್ತು. ಆದರೂ "ಇದು ದೊಡ್ಡ ದೃಷ್ಟಿ, ಸುಲಭಕ್ಕೆ ಬಿಡಲ್ಲ" ಎನ್ನುತ್ತಿದ್ದರು. ತನು ಮೂಗು ಮುಚ್ಚಿಕೊಂಡು ಕಿರುಚುತ್ತಿದ್ದಳು, ನನ್ನನ್ನು ಎಳೆಯುತ್ತಿದ್ದರು, ಹೊಗೆ ಬಾಗಿಲ ಸಂದಿಯಿಂದ ಅವಳ ಹಿಂದೆಯೇ ಒಳಗೆ ಹೋಗುತ್ತಿತ್ತು. ಉಗುರಿನಿಂದ ಕೆರೆಯುವ ಸದ್ದು ಮರದ ಮೂಲಕ ನನ್ನ ಸ್ಕ್ರೂಗಳಿಗೆ ತಲುಪುತ್ತಿತ್ತು. ನಾನು ಜಾರಲಿಲ್ಲ. ಒಳ್ಳೇ ಗಟ್ಟಿ ಚಿಲಕ ಎಂದು ಓಂಕಾರಪ್ಪ ಒಮ್ಮೆ ಹೊಗಳಿದ್ದರು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ತಾಯಿ, ಮಗಳು ಇಬ್ಬರೇ ಇದ್ದರು. ಕೋಣೆಯಲ್ಲಿ ಹಾಸಿಗೆ ಸರಿಮಾಡುತ್ತಿದ್ದ ಶಶಿಕಲಾಗೆ ಹೊಸ ಫ್ರಾಕಿನ ಕತ್ತು ಹರಿದಿರುವುದು ಕಂಡಿತು. "ಸಾಕಾಗ್ಹೋಯ್ತು ಕಣೇ ನಿನ್ನಿಂದ" ಎಂದು ಕೂಗಾಡಿದರು. ತನು ಹೊರಗೆ ಬಂದು ಬಾಗಿಲು ಮುಚ್ಚಿ ನನ್ನನ್ನು ಎಳೆದಳು. ಆ ಪುಟ್ಟ ಬೆರಳುಗಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಆಮೇಲೆ ಬಾಗಿಲಿಗೆ ಬಾಯಿಟ್ಟು ಅಜ್ಜಿಯ ದನಿಯಲ್ಲೇ ಕೇಳಿದಳು: "ಸಿಟ್ಟು ಇಳೀತಾ? ಇಳಿದ್ರೆ ತೆಗೀತೀನಿ."

ಅದು ತುಂಟತನವಾಗಿರಲಿಲ್ಲ. ಸಿಟ್ಟು ಬಂದವರಿಗೆ ಆ ಮನೆಯಲ್ಲಿದ್ದ ಕಾನೂನೇ ಅದು. ಶಶಿಕಲಾ ಕರೆದರು, ಗದರಿದರು, ಬಾಗಿಲು ಬಡಿದರು. ಬಡಿದಷ್ಟೂ ಸಿಟ್ಟು ಇಳಿದಿಲ್ಲವೆಂದು ತನು ಕಾದು ನಿಂತಳು. ಒಳಗೆ ಸದ್ದು ಅಡಗಿತು. ಬಹಳ ಹೊತ್ತಿನ ಮೇಲೆ ಸಣ್ಣ ದನಿ ಬಂತು. "ಇಳೀತು ಕಣಮ್ಮ. ತೆಗಿ."

ಹೊರಗೆ ಬಂದ ಶಶಿಕಲಾ ಹೊಸ್ತಿಲಲ್ಲೇ ಕೂತು, ಮಗಳ ಕೈ ಹಿಡಿದು ಒಂದೊಂದೇ ಉಗುರು ನೋಡಿದರು. ಚಿಲಕ ಬಿದ್ದ ಬಾಗಿಲನ್ನು ಅವರು ಒಳಗಿನಿಂದ ನೋಡಿದ್ದು ಅಂದೇ ಮೊದಲು.

ಮರುವಾರ ಮಗಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಬಂದವರು ಅತ್ತೆಗೆ ವಿವರಿಸಿದ್ದು ನನಗೂ ಕೇಳಿಸಿತು. "ಇದಕ್ಕೆ ಆಟಿಸಂ ಅಂತಾರಂತೆ ಅತ್ತೆ. ಹಟ ಅಲ್ಲ, ದೃಷ್ಟಿನೂ ಅಲ್ಲ. ನಮಗೆ ಸಣ್ಣದು ಅನ್ಸಿದ್ದು ಅವಳಿಗೆ ತಡ್ಕೊಳ್ಳೋಕೇ ಆಗಲ್ವಂತೆ. ಸಿಟ್ಟು ಬರೋಕ್ಕಿಂತ ಮುಂಚೆ ಏನಾಯ್ತು ಅಂತ ದಿನಾ ಬರೀರಿ ಅಂದ್ರು ಡಾಕ್ಟ್ರಮ್ಮ."

ಕ್ಯಾಲೆಂಡರಿನಲ್ಲಿ ಬರೆಯತೊಡಗಿದರು. ಕುಕ್ಕರ್ ಕೂಗಿತು. ಫ್ರಾಕಿನ ಲೇಬಲ್ ಕತ್ತಿಗೆ ಚುಚ್ಚಿತು. ಮಂಗಳವಾರ, ಮೆಣಸಿನಕಾಯಿ. ಶುಕ್ರವಾರ, ಮೆಣಸಿನಕಾಯಿ. ತಿಂಗಳ ಕೊನೆಗೆ ಸೊಸೆ ಅದನ್ನು ಓದಿ ಹೇಳಿದಾಗ ಹಾಲಮ್ಮ ಮೆಣಸಿನಕಾಯಿಯ ಸಾಲುಗಳನ್ನು ಇನ್ನೊಮ್ಮೆ ಓದಿಸಿದರು.

"ಹಂಗಾದ್ರೆ ಅವಳ ಸಿಟ್ಟಿಗೆ ನಾನೇ ಏನೇ ಬೆಂಕಿ ಹಚ್ತಿದ್ದಿದ್ದು?" ಎಂದರು.

ಲೇಬಲ್‌ಗಳನ್ನು ಕತ್ತರಿಸಿದರು, ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಅನ್ನ ಮಾಡಿದರು, ನಿವಾಳಿಸುವುದು ನಿಂತಿತು. ಕಿರುಚಾಟ ಅರ್ಧಕ್ಕರ್ಧ ಇಳಿಯಿತು. ಸಾಬರು ಮತ್ತೆ ಬಂದು ನನ್ನನ್ನು ಬಿಚ್ಚಿ ಬಾಗಿಲ ಒಳಬದಿಗೆ, ಮಗುವಿನ ಕೈಗೆ ಎಟಕುವಂತೆ ಕೂರಿಸಿದರು. ಬೇಕೆನಿಸಿದಾಗ ಅವಳೇ ಹಾಕಿಕೊಳ್ಳಲಿ ಎಂದು.

"ಹೊರಗಿನ ನಾಕು ತೂತಿಗೆ ಪುಟ್ಟಿ ಹಾಕ್ಲೇನಮ್ಮ?"

"ಬೇಡ ಸಾಬ್ರೆ. ಇರ್ಲಿ. ನಮ್ಮ ಕಣ್ಣಿಗೆ ಕಾಣ್ತಿರ್ಲಿ."

ಒಳಗೆ ಬಂದ ಮೇಲೆ ನಾನು ಆ ಗೀರುಗಳನ್ನು ಕಂಡೆ. ನೆಲದಿಂದ ಎರಡು ಅಡಿಯವರೆಗೆ ಬಣ್ಣವೇ ಉಳಿದಿರಲಿಲ್ಲ.

ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಹದಿನಾಲ್ಕು ತಿಂಗಳು ತನು ಆ ಕೋಣೆಗೆ ಕಾಲಿಡಲಿಲ್ಲ. ಕೊನೆಗೆ ಒಂದು ದಿನ, ಮನೆ ತುಂಬ ನೆಂಟರು ಗದ್ದಲ ಮಾಡುತ್ತಿದ್ದಾಗ, ಕಿವಿ ಮುಚ್ಚಿಕೊಂಡು ಬಾಗಿಲ ಬಳಿ ಬಂದಳು. ಹೊರಮೈ ಸವರಿ ನಾಲ್ಕೂ ತೂತುಗಳಿಗೆ ಒಂದೊಂದಾಗಿ ಬೆರಳಿಟ್ಟಳು. ಆಮೇಲೆ ಒಳಗೆ ಬಂದು ನನ್ನನ್ನು ಎಳೆದುಕೊಂಡಳು. ಹೊರಗೆ ಶಶಿಕಲಾ ಬಂದು ನಿಂತರು. ಅವರ ಬಳೆ ಬಾಗಿಲಿಗೆ ತಾಗಿದ ಸದ್ದಾಯಿತು. ಏನೂ ಕೇಳದೆ ಅಲ್ಲೇ ಕೂತರು.

ಈಗ ನನಗೆ ತುಕ್ಕು ಹಿಡಿದಿದೆ. ಹಾಲಮ್ಮ ಇಲ್ಲ. ತನುಗೆ ಇಪ್ಪತ್ತೆರಡು ತುಂಬಿದೆ. ಸಾಕೆನಿಸಿದಾಗ ಬರುತ್ತಾಳೆ, ನನ್ನನ್ನು ಹಾಕಿಕೊಂಡು ಗೋಡೆಗೊರಗಿ ಕೂರುತ್ತಾಳೆ, ಹಗುರಾದ ಮೇಲೆ ತಾನೇ ತೆಗೆದು ಹೋಗುತ್ತಾಳೆ. ನನಗೆ ಬೇಕಿದ್ದ ಕೆಲಸ ಇದೇ. ಆದರೆ ಪ್ರತಿ ಸಲವೂ ಒಳಗೆ ಬರುವ ಮೊದಲು ಬಾಗಿಲ ಹೊರಮೈ ಸವರುತ್ತಾಳೆ. ನೆಂಟರ ಮನೆಯಲ್ಲೂ ಹಾಗೆಯೇ ಅಂತೆ. ನಾನು ಒಳಗೆ ಬಂದು ಹದಿಮೂರು ವರ್ಷವಾಯಿತು. ಅವಳು ಇನ್ನೂ ಮುಟ್ಟಿ ನೋಡಿಯೇ ಬರುತ್ತಾಳೆ.